ನಾನು ಅಳಿಸಿದ ಮೊದಲ ಸಾಲು

ಮುಂಡರಗಿಯಲ್ಲಿ ನಮ್ಮನ್ನು ಚಹಾದಂಗಡಿಯ ಬಾಕಿನ ಮೇಲಿಂದ ಎಬ್ಬಿಸಿ ಕಳಿಸಿದರು. ಲೋಟದಲ್ಲಿ ಅರ್ಧ ಚಹಾ ಹಾಗೇ ಉಳಿದಿತ್ತು. ಅಲ್ಲಿನ ವಾಟ್ಸಾಪ್ ಗ್ರೂಪೊಂದರ ಅಡ್ಮಿನ್ ಆಗಿದ್ದ ಗೊಬ್ಬರದಂಗಡಿಯ ಮಾಲೀಕರು, ನಾನು ಮುಂದೆ ಹಿಡಿದಿದ್ದ ಒಪ್ಪಿಗೆ ಪತ್ರವನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ, ಓದದೆ ವಾಪಸ್ ಕೊಟ್ಟರು.

"ಯಾ ಪಾರ್ಟಿಯವ್ರಪಾ ನೀವು?"

"ಪಾರ್ಟಿಯವ್ರಲ್ರಿ. ಗದಗಿನ ಕಾಲೇಜಿನವ್ರು. ಗ್ರೂಪಿನ್ಯಾಗ ಸುಳ್ಳ ಸುದ್ದಿ ಹ್ಯಾಂಗ ಹಬ್ಬತಾವ ಅಂತ ನೋಡಾಕ ಬಂದೀವ್ರಿ."

"ಅಂದ್ರ ನಾವು ಸುಳ್ಳ ಹಬ್ಬಸ್ತೀವಿ ಅಂತ ಹೇಳಾಕ ಬಂದೀರಿ. ಏಳ್ರಿ, ಈಗ ಬಸ್ಸ ಐತಿ."

ಅವರ ಸಿಟ್ಟಿಗೆ ಅರ್ಥವಿಲ್ಲ ಎಂದು ಆವತ್ತು ಬಸ್ಸಿನಲ್ಲಿ ಗೊಣಗಿಕೊಂಡು ಬಂದೆ. ಇವತ್ತು ಅದೇ ಮಾತನ್ನು ಹೇಳಲು ನನಗೆ ಬಾಯಿಲ್ಲ.

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ಅದು. ಇದ್ದವರು ಇಬ್ಬರೇ, ನಾನು ಮತ್ತು ನನ್ನ ಸಹಪಾಠಿ. ಗದಗ ಸುತ್ತಲಿನ ಹಳ್ಳಿಗಳ ಗ್ರೂಪುಗಳಲ್ಲಿ ಓಡಾಡುವ ವದಂತಿಗಳನ್ನು ಕಂಪ್ಯೂಟರ್ ತಾನಾಗಿಯೇ ಗುರುತಿಸಬೇಕು, ಅದು ಮೊದಲು ಯಾವ ಫೋನಿನಿಂದ ಹೊರಟಿತು ಎಂಬುದನ್ನೂ ಹೇಳಬೇಕು. ಎರಡನೆಯ ಭಾಗ ನಮ್ಮದಲ್ಲ, ಮಾರ್ಗದರ್ಶಕರದ್ದು. "ಗುರುತಿಸೋದು ಎಲ್ಲಾರೂ ಮಾಡ್ತಾರ. ಮೂಲ ಹಿಡೀರಿ" ಎಂದಿದ್ದರು. ಮೂಲ ಎಂಬ ಶಬ್ದ ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಗ್ರೂಪಿನ ಪೂರ್ತಿ ಮಾತುಕತೆಯನ್ನು ಒಂದು ಕಡತವಾಗಿ ಇಳಿಸಿಕೊಡಲು ಫೋನಿನಲ್ಲೇ ಅವಕಾಶವಿದೆ. ಅಡ್ಮಿನ್ ಮನಸ್ಸು ಮಾಡಬೇಕು ಅಷ್ಟೆ. ಮನಸ್ಸು ಮಾಡುವವರು ಕಡಿಮೆ. ಶಿರಹಟ್ಟಿಯಲ್ಲಿ ಒಬ್ಬರು ನಾಳೆ ಬರ್ರಿ ಎಂದು ಆರು ನಾಳೆಗಳನ್ನು ಕಳೆದರು. ಡಂಬಳದಲ್ಲಿ ಒಬ್ಬರು ಕಡತ ಕೊಟ್ಟು, ಸಂಜೆ ಫೋನ್ ಮಾಡಿ, ಅದನ್ನು ಅಳಿಸದಿದ್ದರೆ ಕಾಲೇಜಿಗೆ ಬಂದು ನೋಡಿಕೊಳ್ಳುವುದಾಗಿ ಹೇಳಿದರು; ಮತ್ತೆ ಹೋಗಿ ಒಪ್ಪಿಸಬೇಕಾಯಿತು. ಎರಡು ತಿಂಗಳು ಅಲೆದು ಹನ್ನೊಂದು ಗ್ರೂಪುಗಳನ್ನು ಕೂಡಿಸಿದೆವು. ಪ್ರತಿಯೊಬ್ಬರ ಮುಂದೆಯೂ ನಾನು ಸಹಿ ಹಾಕಿದ ಪತ್ರದಲ್ಲಿ ಒಂದು ಮಾತಿತ್ತು: ಯಾರ ಹೆಸರೂ, ನಂಬರೂ ಹೊರಗೆ ಹೋಗುವುದಿಲ್ಲ.

ಕಡತಗಳನ್ನು ತೆರೆದಾಗ ಮೊದಲು ಕೈಕೊಟ್ಟದ್ದು ತಾರೀಖು. ಕೆಲವು ಫೋನುಗಳಲ್ಲಿ ದಿನ ಮೊದಲು, ಕೆಲವುಗಳಲ್ಲಿ ತಿಂಗಳು ಮೊದಲು. ನಮ್ಮ ಪ್ರೋಗ್ರಾಮ್ ಎಲ್ಲವನ್ನೂ ಒಂದೇ ರೀತಿ ಓದಿದ್ದರಿಂದ ಮೇ ತಿಂಗಳ ಸುದ್ದಿ ಮಾರ್ಚಿನಲ್ಲೇ ಹುಟ್ಟಿದಂತೆ ಕಾಣುತ್ತಿತ್ತು. ಯಾರು ಮೊದಲು ಕಳಿಸಿದರು ಎಂಬುದೇ ಪ್ರಶ್ನೆಯಾಗಿರುವಾಗ ಇದು ಸಣ್ಣ ತಪ್ಪಲ್ಲ. ಒಂದೊಂದು ಕಡತವನ್ನೂ ಹಬ್ಬದ ಶುಭಾಶಯ ಹುಡುಕಿ, ಹಬ್ಬದ ತಾರೀಖಿಗೆ ಹೊಂದಿಸಿ ಸರಿಮಾಡಲು ವಾರ ಹಿಡಿಯಿತು.

ಆಮೇಲೆ ಹೆಸರುಗಳ ಕಾಟ. ಇಳಿಸಿದ ಕಡತದಲ್ಲಿ ನಂಬರಿನ ಬದಲು ಅಡ್ಮಿನ್ ತನ್ನ ಫೋನಿನಲ್ಲಿ ಯಾವ ಹೆಸರಿನಿಂದ ಉಳಿಸಿಕೊಂಡಿದ್ದಾನೋ ಅದೇ ಬರುತ್ತದೆ. ನಮ್ಮ ಕಡೆ ಫೋನಿನಲ್ಲಿ ಹೆಸರಿಗಿಂತ ಕಸುಬು ಹೆಚ್ಚು. ಒಂದೇ ಫೋನು ಒಂದು ಊರಿನಲ್ಲಿ "ಕರೆನ್ಸಿ ಆಪಾ", ಇನ್ನೊಂದರಲ್ಲಿ "ಲಕ್ಷ್ಮೇಶ್ವರ ಮೆಸೇಜ್", ಮತ್ತೊಂದರಲ್ಲಿ "ಬಜಾರ ಆಪಾ". ಇವರೆಲ್ಲ ಒಬ್ಬರೇ ಎಂದು ತಿಳಿಯಲು ಅಡ್ಮಿನ್‌ಗಳಿಗೆ ಫೋನ್ ಮಾಡಿ, ಬೈಸಿಕೊಂಡು, ನಂಬರು ಕೇಳಿ, ಒಂದು ಪಟ್ಟಿ ಮಾಡಿದೆವು. ಯಾವ ಹೆಸರು, ಯಾವ ನಂಬರು, ನಾವು ಕೊಟ್ಟ ಗುಪ್ತ ಸಂಖ್ಯೆ ಯಾವುದು ಎಲ್ಲವೂ ಅದರಲ್ಲಿತ್ತು. ಮಾರ್ಗದರ್ಶಕರು ಅದನ್ನು ವಿಭಾಗದ ಕಂಪ್ಯೂಟರಿನಲ್ಲಿ ಇಡಲು ಹೇಳಿದರು. ಇಟ್ಟೆವು.

ಮೂರನೆಯ ಕೆಲಸ ನನ್ನ ಪಾಲಿನದು, ಶುಚಿ ಮಾಡುವುದು. ಒಂದೇ ಸುದ್ದಿ ಹತ್ತು ಗ್ರೂಪುಗಳಿಗೆ ಹತ್ತು ತಲೆ ಹೊತ್ತು ಬರುತ್ತಿತ್ತು. ಒಂದರ ಮೇಲೆ ಶುಭೋದಯ, ಇನ್ನೊಂದರ ಮೇಲೆ ನಾಲ್ಕು ಗುಲಾಬಿ, ಮತ್ತೊಂದರ ಮೇಲೆ ಗ್ರೂಪಿನ ಹೆಸರು. ತಲೆ ಬೇರೆಯಾದರೆ ಕಂಪ್ಯೂಟರ್ ಅವುಗಳನ್ನು ಬೇರೆ ಬೇರೆ ಸುದ್ದಿ ಎಂದು ತಿಳಿಯುತ್ತಿತ್ತು. ಐವತ್ತು ಮೆಸೇಜುಗಳನ್ನು ಕಣ್ಣಾಡಿಸಿ ನೋಡಿದೆ. ಎಲ್ಲದರಲ್ಲೂ ಮೊದಲ ಸಾಲು ಕಸ. ಒಂದಕ್ಕಿಂತ ಹೆಚ್ಚು ಸಾಲು ಇರುವ ಮೆಸೇಜಾದರೆ ಮೊದಲ ಸಾಲನ್ನು ತೆಗೆದುಹಾಕು ಎಂದು ಕೋಡಿನಲ್ಲಿ ಒಂದು ಸಾಲು ಬರೆದೆ. ಒಂದೇ ಸುದ್ದಿಯ ತುಣುಕುಗಳು ತಟ್ಟನೆ ಒಂದಾಗಿ ಕೂಡಿಕೊಂಡವು. ಆವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಪ್ರತಿ ವದಂತಿಯ ಸರಪಳಿಯಲ್ಲಿ ಯಾವ ಫೋನು ಮೊದಲಿತ್ತು ಎಂದು ಎಣಿಸಿ ಅಂಕ ಕೊಟ್ಟೆವು. ಒಂದು ಗುಪ್ತ ಸಂಖ್ಯೆ ಉಳಿದವರನ್ನು ಬಹಳ ಹಿಂದೆ ಹಾಕಿ ಮೇಲೆ ನಿಂತಿತು. ಮಕ್ಕಳ ಕಳ್ಳರು ಸೀರೆ ಮಾರುವವರ ವೇಷದಲ್ಲಿ ಬಂದಿದ್ದಾರೆ ಎಂಬ ಸುದ್ದಿ ಮೂರು ಗ್ರೂಪುಗಳಲ್ಲಿ ಅಲ್ಲಿಂದಲೇ ಹೊರಟಿತ್ತು. ರೇಷನ್ ಕಾರ್ಡು ರದ್ದಾಗುವ ಸುದ್ದಿಯೂ ಅಲ್ಲಿಂದಲೇ. ಮಾರ್ಗದರ್ಶಕರು ಪಟ್ಟಿಯಲ್ಲಿ ಸಂಖ್ಯೆಯ ಎದುರು ಬೆರಳಿಟ್ಟು ಹೆಸರು ನೋಡಿದರು. ಕರೆನ್ಸಿ ಆಪಾ. ಲಕ್ಷ್ಮೇಶ್ವರದ ಬಜಾರಿನಲ್ಲಿ ಫೋನಿಗೆ ಕರೆನ್ಸಿ, ಎಂದರೆ ರೀಚಾರ್ಜ್, ಹಾಕುವ ಸಣ್ಣ ಅಂಗಡಿಯ ಹೆಣ್ಣುಮಗಳು; ಆಪಾ ಎಂದರೆ ಅಕ್ಕ.

"ಇದು ನೋಡು ರಿಸಲ್ಟ್ ಅಂದ್ರ" ಎಂದರು. "ಬರೇ ಪರ್ಸೆಂಟೇಜ್ ತೋರಿಸಿದ್ರ ಯಾರ ಬರ್ತಾರ ನೋಡಾಕ?"

ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ಮೊಬೈಲಿನಲ್ಲೇ ಸುದ್ದಿ ಚಾನೆಲ್ ನಡೆಸುವ ತಮ್ಮ ಸ್ನೇಹಿತರೊಬ್ಬರನ್ನು ಕರೆಯುವುದಾಗಿ ಹೇಳಿ ಅವರು ಹೊರಟುಹೋದರು. ನನ್ನ ಸಹಪಾಠಿ ನನ್ನ ಕಡೆ ತಿರುಗಿದಳು. ಧ್ವನಿ ಸಂದೇಶಗಳನ್ನೆಲ್ಲ ಕಿವಿಯಿಂದ ಕೇಳಿ ಕೈಯಿಂದ ಬರೆದಿಳಿಸಿದವಳು ಅವಳೇ. ನಮ್ಮ ಕಡೆಯ ಮಾತು ಯಾವ ಯಂತ್ರಕ್ಕೂ ತಿಳಿದಿರಲಿಲ್ಲ.

"ಆ ಹೆಣ್ಮಗಳನ್ನ ಒಮ್ಮೆರ ನೋಡಿ ಬಂದೀಯೇನು?" ಎಂದಳು.

"ನೋಡೋದೇನೈತಿ? ಡೇಟಾ ಐತಲ್ಲ."

"ಡೇಟಾದಾಗ ಆಕಿ ಸತ್ತವ್ರ ಸುದ್ದಿನೂ ಕಳಿಸ್ಯಾಳ, ಕಳದ ಎಮ್ಮಿ ಸುದ್ದಿನೂ ಕಳಿಸ್ಯಾಳ. ಹನ್ನೊಂದರಾಗ ಒಂಬತ್ತು ಊರಿನ ಗ್ರೂಪಿನ್ಯಾಗ ಆಕಿ ಯಾಕ ಇದ್ದಾಳ? ಅಷ್ಟರ ಕೇಳ್ಕೊಂಡ ಬಾ."

ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ದಿನಗಳನ್ನು ದೂಡಿ, ಕೊನೆಗೆ ಪ್ರದರ್ಶನಕ್ಕೆ ಆರು ದಿನ ಇರುವಾಗ, ಸಂತೆಯ ದಿನ ನೋಡಿ ಲಕ್ಷ್ಮೇಶ್ವರಕ್ಕೆ ಹೋದೆ. ನನ್ನ ಫೋನಿಗೆ ಕರೆನ್ಸಿ ಹಾಕಿಸುವ ನೆಪ.

ಅಂಗಡಿ ಎಂದರೆ ಒಂದು ಗಾಜಿನ ಕಪಾಟು, ಒಂದು ಸ್ಟೂಲು. ತಲೆಯ ಮೇಲೆ ಸೆರಗು ಹೊದ್ದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಐವತ್ತರ ಆಸುಪಾಸಿನ ಹೆಣ್ಣುಮಗಳು. ನನ್ನ ಮುಂದೆ ಐದಾರು ಜನ. ಯಾರ ಕೈಯಲ್ಲೂ ದೊಡ್ಡ ಫೋನಿರಲಿಲ್ಲ, ಬಟನ್ನಿನವು. ಬಾಳೆಹೊಸೂರಿನ ಒಬ್ಬ ರೈತ ಕಪಾಟಿನ ಮೇಲೆ ಕೈಯೂರಿ, "ಆಪಾ, ನಮ್ಮ ಎಮ್ಮಿ ಕಳದೈತಿ. ಊರ ಗ್ರೂಪಿಗೆ ಹಾಕ್ರಿ" ಎಂದ.

"ಹೆಸರ ಹೇಳು."

"ಎಮ್ಮಿಗೆ ಹೆಸರಿಲ್ರಿ."

"ನಿಂದು ಕೇಳೀನಿ. ನಿಮ್ಮಪ್ಪಂದು, ಓಣಿದು."

ಅವನು ಹೇಳಿದ. ಆಕೆ ತನ್ನ ಫೋನಿನಲ್ಲಿ ಬರೆದು ದೊಡ್ಡ ದನಿಯಲ್ಲಿ ಓದಿದಳು. ಮೊದಲ ಸಾಲಿನಲ್ಲಿ ಅವನ ಊರು, ಓಣಿ, ಅಪ್ಪನ ಹೆಸರು, ಅವನ ಹೆಸರು, ಕೊನೆಗೆ "ಹೇಳಿದ್ದು" ಎಂಬ ಮಾತು. ಎರಡನೆಯ ಸಾಲಿನಿಂದ ಎಮ್ಮೆ. ಅವನು ಹೌದೆಂದು ತಲೆಯಾಡಿಸಿದ ಮೇಲೆ ಕಳಿಸಿದಳು.

ನಾನು ಕೋಡಿನಿಂದ ತೆಗೆದುಹಾಕಿದ್ದ ಮೊದಲ ಸಾಲುಗಳು ನೆನಪಾದವು. ಮುಂದಿನವನದೂ ಹಾಗೆಯೇ. ಅದರ ಮುಂದಿನವಳದೂ ಹಾಗೆಯೇ. ನನ್ನ ಪಾಳಿ ಬಂದಾಗ ಕೇಳಿದೆ.

"ಮೊದಲಿನ ಸಾಲ ಯಾಕ ಬರೀತೀರಿ?"

"ನಮ್ಮಪ್ಪ ಶಿರಹಟ್ಟಿ ಕಚೇರಿ ಮುಂದ ಅರ್ಜಿ ಬರೀತಿದ್ರು. ಹೇಳಿ ಬರಸಿದವ್ರ ಹೆಸರ ಮ್ಯಾಲ ಹಾಕದ ಮುಂದ ಪೆನ್ನ ನಡಸ್ತಿದ್ದಿಲ್ಲ. ಹೆಸರ ಇಲ್ಲಂದ್ರ ಬರದಾಂವ ಹೊಣಿ ಆಗ್ತಾನ ಅಂತಿದ್ರು."

"ಸುಳ್ಳ ಹೇಳಿದ್ರನೂ ಕಳಸ್ತೀರೇನು?"

ಆಕೆ ಕನ್ನಡಕದ ಮೇಲಿಂದ ನೋಡಿದಳು. "ಸುಳ್ಳೋ ಖರೇನೋ ನೋಡಾಕ ನಾ ಏನ್ ಪೊಲೀಸಾ? ಯಾರ ಹೇಳಿದ್ರು ಅಂತ ಬರದೀನಿ. ಕೇಳೂದಿದ್ರ ಅವ್ರನ್ನ ಕೇಳ್ಕೋಬೇಕು. ನಿನ್ನ ನಂಬರ ಹೇಳು, ಹಿಂದ ಮಂದಿ ನಿಂತಾರ."

ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಆದರೆ ನಾನು ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಅದನ್ನು ಹೇಳುವ ಧೈರ್ಯವಾಗದೆ ಕರೆನ್ಸಿ ಹಾಕಿಸಿಕೊಂಡು ಬಸ್ ಹತ್ತಿದೆ. ಸೀಟು ಸಿಕ್ಕ ಕೂಡಲೇ ಲ್ಯಾಪ್‌ಟಾಪ್ ತೆರೆದು ಶುಚಿ ಮಾಡುವ ಮುಂಚಿನ ಕಡತ ನೋಡಿದೆ. ಆಕೆಯ ಫೋನಿನಿಂದ ಹೋದ ಒಂದೊಂದು ಮೆಸೇಜಿನ ತಲೆಯ ಮೇಲೂ ಆ ಸಾಲಿತ್ತು. ಮಕ್ಕಳ ಕಳ್ಳರ ಸುದ್ದಿಯ ಮೇಲೂ ಇತ್ತು, ಹೇಳಿದವರ ಊರು, ಹೆಸರು ಸಮೇತ. ಮುಂದಿನವರು ಕಳಿಸುವಾಗ ಅದನ್ನು ತೆಗೆದು ತಮ್ಮ ಗುಲಾಬಿ ಸೇರಿಸಿಕೊಂಡಿದ್ದರು. ನಾನು ನೋಡಿದ ಐವತ್ತು ಮೆಸೇಜುಗಳಲ್ಲಿ ಆಕೆಯದು ಒಂದೂ ಇರಲಿಲ್ಲ. ಅಷ್ಟರ ಮೇಲೆಯೇ ಎಲ್ಲವೂ ಕಸವೆಂದು ತೀರ್ಮಾನ ಕೊಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಮಾರ್ಗದರ್ಶಕರ ಮುಂದೆ ಎರಡೂ ಕಡತಗಳನ್ನು ಅಕ್ಕಪಕ್ಕ ಇಟ್ಟೆ. ಅವರು ಸಮಾಧಾನದಿಂದಲೇ ನೋಡಿದರು.

"ಕಳಿಸಿದ್ದು ಯಾರ ಫೋನು?"

"ಅವ್ರದ ಸರ್. ಆದ್ರ ಮಾತು ಅವ್ರದಲ್ಲ. ಪೋಸ್ಟಮನ್ನ ಹಿಡದಂಗ ಆಗೈತಿ."

"ತಪ್ಪ ಯಾರದು?"

"ನಂದು."

"ಹಂಗಾರ ನಿನ್ನ ತಪ್ಪ ನೀನ ಸರಿಮಾಡು. ಆ ಸಾಲ ತಿರುಗಿ ಹಚ್ಚು. ಅದರಾಗ ಹೇಳಿದವ್ರ ಹೆಸರೈತಿ, ಅಪ್ಪನ ಹೆಸರೈತಿ, ಓಣಿ ಐತಿ. ಇದಕ್ಕಿಂತ ಚಲೋ ಮೂಲ ಎಲ್ಲಿ ಸಿಗ್ತೈತಪಾ? ಸಂಜಿಗೆ ಹೊಸ ಪಟ್ಟಿ ಕೊಡು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬ ಹೆಂಗಸನ್ನು ಬಿಡಿಸಲು ಹೋದರೆ ಮೂವತ್ತು ಜನರ ವಿಳಾಸ ನನ್ನ ಕೈಗೆ ಬಂದಿತ್ತು. ಮಗ ಶಾಲೆಯಿಂದ ತಡವಾಗಿ ಬಂದನೆಂದು ಹೆದರಿ ಏನೋ ಕೇಳಿದ್ದನ್ನು ಹೇಳಿ ಬರೆಸಿದವರು, ರೇಷನ್ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದನ್ನು ನಂಬಿದವರು. ಅವರಲ್ಲಿ ಯಾರೂ ನನ್ನ ಒಪ್ಪಿಗೆ ಪತ್ರ ನೋಡಿರಲಿಲ್ಲ. ಯೋಚಿಸಿ ಹೇಳುತ್ತೇನೆ ಸರ್ ಎಂದೆ.

"ಯೋಚನಿ ಮಾಡೂದೇನೈತಿ? ಚಾನೆಲ್ಲಿನವ್ರಿಗೆ ಆಗಲೇ ಹೇಳೀನಿ. ಯಾರ ಹೆಸರೂ ಕೊಟ್ಟಿಲ್ಲ, ಹೆದರಬ್ಯಾಡ. ಲಕ್ಷ್ಮೇಶ್ವರದ ಕರೆನ್ಸಿ ಅಂಗಡಿ ಅಂದೀನಿ ಅಷ್ಟ."

ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಬಂತು. ಕೆಂಪು ಅಕ್ಷರ, ಡೊಳ್ಳಿನ ಸದ್ದು. ವದಂತಿಗಳ ಮೂಲ ಲಕ್ಷ್ಮೇಶ್ವರ ಬಜಾರಿನ ಕರೆನ್ಸಿ ಅಂಗಡಿಯೇ? ಎಂದು ಕೇಳಿ, ಕಾಲೇಜಿನ ಸಂಶೋಧನೆ ಸತ್ಯ ಬಯಲು ಮಾಡಿದೆ ಎಂದು ತಾನೇ ಉತ್ತರ ಹೇಳಿತ್ತು. ಹನ್ನೊಂದು ಗ್ರೂಪುಗಳಿಗೂ ಅದು ಒಂದು ಗಂಟೆಯೊಳಗೆ ತಲುಪಿತು. ಹೆಸರಿಲ್ಲದಿದ್ದರೇನು, ಮೆಸೇಜು ಬರೆದು ಕಳಿಸುವ ಕರೆನ್ಸಿ ಅಂಗಡಿ ಅಲ್ಲಿ ಇನ್ನೊಂದಿರಲಿಲ್ಲ. ಸಂಜೆಯೊಳಗೆ ಅಡ್ಮಿನ್‌ಗಳು ಒಬ್ಬರ ಹಿಂದೊಬ್ಬರು ಆಕೆಯನ್ನು ತೆಗೆದುಹಾಕಿದರು. ನಾಲ್ಕು ಮಂದಿ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು, ಬೋರ್ಡು ಕಿತ್ತು ಹೋದರಂತೆ. ಈ ಸುದ್ದಿ ಹೇಳಲು ಫೋನ್ ಮಾಡಿದ ಅಡ್ಮಿನ್ ನನಗೆ ಶಾಭಾಶ್ ಎಂದರು. ಅದುವರೆಗೆ ನಮ್ಮನ್ನು ಹೊಗಳಿದವರು ಅವರೊಬ್ಬರೇ.

ಮರುದಿನ ಸಹಪಾಠಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ವಿಭಾಗದ ಕಂಪ್ಯೂಟರಿನಿಂದ ಹೆಸರಿನ ಪಟ್ಟಿ ಅಳಿಸಿದೆ. ಆಮೇಲೆ ಮೂಲ ಹುಡುಕುವ ಭಾಗ, ಅಂಕಗಳು, ಮೊದಲ ಸಾಲುಗಳಿದ್ದ ಕಡತ. ಎರಡೆರಡು ಕಡೆ ಪ್ರತಿ ಇದ್ದವು, ಅವನ್ನೂ ತೆಗೆದೆವು. ಎಲ್ಲಿಯೂ ಉಳಿದಿಲ್ಲವೆಂದು ಅವಳು ಮೂರು ಸಲ ಹುಡುಕಿ ನೋಡಿದಳು. ನನ್ನ ಹತ್ತಿರ ಉಳಿಸಿಕೊಂಡದ್ದು ಒಂದೇ ಒಂದು ಮೆಸೇಜು, ಹೆಸರಿನ ಮೇಲೆ ಕಪ್ಪು ಬಳಿದದ್ದು.

ಪ್ರದರ್ಶನದ ದಿನ ಅದನ್ನೇ ಪರದೆಯ ಮೇಲೆ ತೋರಿಸಿದೆ. ಎಡಕ್ಕೆ ತಲೆ ಇದ್ದ ಮೆಸೇಜು, ಬಲಕ್ಕೆ ನಾನು ತಲೆ ಕತ್ತರಿಸಿದ್ದು, ನಡುವೆ ನನ್ನ ಕೋಡಿನ ಒಂದು ಸಾಲು. ವಿಡಿಯೊದಲ್ಲಿ ಬಂದದ್ದು ಸುಳ್ಳು, ಅದಕ್ಕೆ ಕಾರಣ ನಾನು ಎಂದೆ. ಚಾನೆಲ್‌ನವರು ಮೊಬೈಲನ್ನು ಜೇಬಿಗಿಟ್ಟರು.

"ಹಂಗಾದ್ರ ನಿಮ್ಮ ಫಲಿತಾಂಶ ಏನು?" ಎಂದು ತೀರ್ಪುಗಾರರೊಬ್ಬರು ಕೇಳಿದರು.

"ಮೂಲದ ಬಗ್ಗೆ ಫಲಿತಾಂಶ ಇಲ್ರಿ. ಇದ್ದದ್ದ ಅಳಿಸೀನಿ."

ಮಾರ್ಗದರ್ಶಕರು ಎದ್ದು ಹೊರಗೆ ಹೋದರು. ಸಹಪಾಠಿಯ ಧ್ವನಿ ಸಂದೇಶದ ಭಾಗ ಬೇರೆಯಾಗಿ ಪಾಸಾಯಿತು. ನನಗೆ ಮುಂದಿನ ಅವಧಿಗೆ ಹೊಸ ವಿಷಯ ತರಲು ಹೇಳಿದರು. ಆರು ತಿಂಗಳು ಹೋಯಿತಲ್ಲ ಎಂದು ಬೆಟಗೇರಿಯ ನನ್ನ ಬಾಡಿಗೆ ಖೋಲಿಯಲ್ಲಿ ಕೂತು ಅತ್ತೆ, ಸುಳ್ಳೇಕೆ ಹೇಳಲಿ.

ಆಮೇಲೆ ಲಕ್ಷ್ಮೇಶ್ವರಕ್ಕೆ ಹೋದೆ. ಅಂಗಡಿ ಅರ್ಧ ಬಾಗಿಲು ತೆಗೆದಿತ್ತು. ಬೋರ್ಡಿದ್ದ ಜಾಗದಲ್ಲಿ ಎರಡು ಮೊಳೆ. ನಾನು ಯಾರೆಂದು, ಏನು ಮಾಡಿದೆನೆಂದು ನಿಂತುಕೊಂಡೇ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ಆವತ್ತು ಬಂದು ಕರೆನ್ಸಿ ಹಾಕಿಸ್ಕೊಂಡ ಹ್ವಾದಿ. ಅವಾಗ ಗೊತ್ತಿತ್ತಲ್ಲ ನಿನಗ?"

"ಗೊತ್ತಿತ್ರಿ."

"ಅವತ್ತ ಒಂದ ಮಾತ ಹೇಳಿದ್ರ ನಾ ಬಾಗಲಾ ಹಾಕ್ಕೊಂಡ ಮನಿಗೆ ಹೋಗಿರ್ತಿದ್ದೆ. ಬೋರ್ಡ ಕೀಳಾಕ ಬಂದವ್ರು ಯಾರಂತ ಗೊತ್ತೈತೇನು? ಅದರಾಗ ಇಬ್ಬರ ಮನಿ ಸಾವಿನ ಸುದ್ದಿ ನಾನ ಬರದೀನಿ."

ಗ್ರೂಪುಗಳಿಗೆ ತಿದ್ದುಪಡಿ ಕಳಿಸುತ್ತೇನೆ, ಬರೆದು ತಂದಿದ್ದೇನೆ ಎಂದು ಫೋನು ಮುಂದೆ ಹಿಡಿದೆ. "ನಮ್ಮ ಪ್ರಾಜೆಕ್ಟ್ ತಂಡದ ತಾಂತ್ರಿಕ ದೋಷದಿಂದ" ಎಂದು ಶುರುವಾಗಿತ್ತು. ಆಕೆ ಅಲ್ಲಿಗೇ ನಿಲ್ಲಿಸಿದಳು.

"ತಂಡಕ್ಕ ಬಾಯಿ ಇರ್ತೈತೇನು? ಮೊದಲಿನ ಸಾಲ ಬರಿ. ಊರು, ಓಣಿ, ನಿಮ್ಮಪ್ಪನ ಹೆಸರ, ನಿನ್ನ ಹೆಸರ, ಹೇಳಿದ್ದು."

ಅಪ್ಪನ ಹೆಸರು ಬರೆಯುವಾಗ ಬೆರಳು ತಡೆಯಿತು. ನಮ್ಮೂರು ಸೊರಟೂರಿನಲ್ಲಿ ನಾಳೆ ಇದನ್ನು ಅವನಿಗೆ ಯಾರೋ ಓದಿ ಹೇಳುತ್ತಾರೆ. ಬರೆದೆ. ಕೆಳಗೆ ಮೂರೇ ಮಾತು: ಈ ಅಂಗಡಿಯವರು ಬೇರೆಯವರು ಹೇಳಿದ್ದನ್ನು ಅವರ ಹೆಸರು ಹಾಕಿ ಬರೆಯುತ್ತಿದ್ದರು. ಆ ಹೆಸರನ್ನು ಅಳಿಸಿದವನು ನಾನು. ವಿಡಿಯೊ ಸುಳ್ಳು. ಆಕೆ ಫೋನು ತೆಗೆದುಕೊಂಡು, ದೊಡ್ಡ ದನಿಯಲ್ಲಿ ಓದಿ, ವಾಪಸ್ ಕೊಟ್ಟಳು.

"ಆತು. ಇನ್ನ ಈ ಅಂಗಡಿ ಮೆಟ್ಟಲಾ ಹತ್ತಬ್ಯಾಡ."

ನಾನು ಯಾವ ಗ್ರೂಪಿನಲ್ಲೂ ಇರಲಿಲ್ಲ. ಹನ್ನೊಂದು ಅಡ್ಮಿನ್‌ಗಳ ಬಾಗಿಲಿಗೆ ಮತ್ತೆ ಹೋಗಬೇಕಾಯಿತು. ಕೆಲವರು ನಕ್ಕರು, ಕೆಲವರು ಬೈದರು. ಡಂಬಳದವರು ಮಾತ್ರ ಏನೂ ಕೇಳದೆ ಹಾಕಿದರು. ಮುಂಡರಗಿಯ ಗೊಬ್ಬರದಂಗಡಿಯವರು ನಮಗೆ ಕಡತ ಕೊಟ್ಟಿರಲೇ ಇಲ್ಲ, ಆದರೂ ವಿಡಿಯೊ ಅಲ್ಲಿಗೂ ಹೋಗಿತ್ತೆಂದು ಅವರ ಹತ್ತಿರವೂ ಹೋದೆ. "ನಾ ಅವತ್ತ ಎಬ್ಬಿಸಿ ಕಳಿಸಿದ್ದು ಚಲೋ ಆತು ನೋಡು" ಎಂದು ಹೇಳಿ, ಹಾಕಿದರು. ಎಂಟು ಗ್ರೂಪುಗಳಿಗೆ ಹೋಯಿತು.

ಮುಂದಿನ ವಾರ ಸೊರಟೂರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಕೂತ ನನ್ನ ಮುಂದೆ ಫೋನು ಸರಿಸಿದಳು.

"ಇದ ಏನೋ ಬಂದೈತಿ ನೋಡು. ಲಕ್ಷ್ಮೇಶ್ವರದ ಆ ಕರೆನ್ಸಿ ಆಪಾಂದು ತಪ್ಪಿಲ್ಲಂತ. ಆಕಿನ ಬರಸಿ ಬಿಟ್ಟಿರಬೇಕ ತಗೋ."

ನೋಡಿದೆ. ಮೇಲೆ ಎರಡು ಗುಲಾಬಿ, ಕೆಳಗೆ ನಾನು ಬರೆದ ಮೂರು ಮಾತು. ಎಲ್ಲಿಯೋ, ಯಾರೋ, ಮೊದಲ ಸಾಲನ್ನು ತೆಗೆದಿದ್ದರು. "ಅಳಿಸಿದವನು ನಾನು" ಎಂಬ ಮಾತಿತ್ತು, ಆ ನಾನು ಯಾರೆಂದು ಇರಲಿಲ್ಲ.

"ಅವ್ವಾ, ಅದನ್ನ ಬರದಾಂವ ನಾನು."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಅವಳ ಫೋನಿನಲ್ಲೇ ಗುಲಾಬಿ ಅಳಿಸಿ, ಊರು, ಓಣಿ, ಅಪ್ಪನ ಹೆಸರು, ನನ್ನ ಹೆಸರು ಬರೆದು, ಅದು ಬಂದ ಗ್ರೂಪಿಗೇ ತಿರುಗಿ ಕಳಿಸಿದೆ. ಅದಾಗಿ ವರ್ಷವಾಯಿತು. ಈಗಲೂ ಆಗಾಗ ಅದು ಯಾವುದೋ ಗ್ರೂಪಿನಿಂದ ತಲೆಯಿಲ್ಲದೆ ಬರುತ್ತದೆ. ಬಂದಾಗೆಲ್ಲ ಮೊದಲ ಸಾಲು ಬರೆದು ವಾಪಸ್ ಕಳಿಸುತ್ತೇನೆ.